ಹೊಲದ ನಟ್ಟನಡುವಿನ ಮಣ್ಣು

ಒಂದು ಚಿಟಿಕೆ ಮಣ್ಣು ನಾಲಗೆಗೆ ತಾಗಿದರೆ ಸಾಕು, ಅದು ನೂರು ವರ್ಷಗಳಲ್ಲಿ ಕುಡಿದ ಮಳೆಯನ್ನೆಲ್ಲ ಹನಿ ತಪ್ಪದೆ ಹೇಳಬಲ್ಲೆ. ಮಣ್ಣು ಪರೀಕ್ಷೆಯ ವರದಿ ಹಿಡಿದು ಫಕೀರವ್ವನ ಹೊಲಕ್ಕೆ ಹೋದಾಗಲೂ ನಾನು ಹೀಗೇ ಕೊಚ್ಚಿಕೊಂಡೆ.

"ಇಂಥಾ ಮಣ್ಣು ಜಗತ್ತಿನ್ಯಾಗ ಎಲ್ಲೂ ಇಲ್ಲವ್ವಾ! ಇದರ ಸತ್ವ ನೋಡಿ ಲ್ಯಾಬಿನವರೆಲ್ಲ ಎದ್ದು ನಿಂತ್ರು. ಬೀಳೂ ಮಳಿ, ಬಿಸಲಿಗೆ ಆರೂ ನೀರು, ಎರಡೂ ಲೆಕ್ಕ ಹಾಕೀನಿ. ಮಳಿ ನಿಂತು ಎರಡು ತಿಂಗಳಾದ್ರೂ ಹಸಿ ಆರೂದಿಲ್ಲ. ಕಡ್ಲಿ ಬಿತ್ತು."

ಅವಳು ನನಗೆ ಮಜ್ಜಿಗೆ ಕೊಟ್ಟು, ಮನೆಯಲ್ಲಿದ್ದ ಬೀಜವನ್ನೆಲ್ಲ ಬಿತ್ತುವ ಕೂರಿಗೆಯ ಪಕ್ಕಕ್ಕೆ ತಂದಿಟ್ಟಳು.

"ಹ್ವಾದ ವರ್ಷ ಕಡ್ಲಿ ಹೂವಾಗೂದ್ರಾಗ ಒಣಗಿತ್ರೀ ಸರ. ಮಣ್ಣು ಎಲ್ಲಿ ಅಗದಿದ್ರಿ?"

"ಹೊಲದ ನಟ್ಟನಡುವ, ಆಳುದ್ದ ತೆಗ್ಗು ತೋಡಿ!"

"ನಟ್ಟನಡುವ ಹಾಸುಗಲ್ಲು ಐತ್ರೀ. ಅದನ್ನೂ ಅಗದ್ರೇನು?" ಫಕೀರವ್ವ ನಕ್ಕಳು. ಆಮೇಲೆ ಬೀಜದ ಚೀಲದ ಬಾಯಿ ಹಿಡಿದು ನನ್ನನ್ನೇ ನೋಡಿದಳು. "ನನ್ನ ಕಡೆ ಇರೂದು ಇಷ್ಟ ಬೀಜರೀ. ಖರೇ ಹೇಳ್ರಿ, ಬಿತ್ಲ್ಯೋ ಬ್ಯಾಡೋ?"

ನಾನು ಲೋಟ ಕೆಳಗಿಟ್ಟೆ.

"ಬ್ಯಾಡವ್ವಾ. ಅವತ್ತು ಬಿಸಲು ಭಾಳ ಇತ್ತು. ನಿನ್ನ ಎಮ್ಮಿ ಕಟ್ಟೂ ಬೇವಿನ ಗಿಡದ ನೆರಳಾಗ, ಸಗಣಿಯೊಳಗಿನ ಮಣ್ಣು ಕೆರಕೊಂಡು ಹೋಗಿದ್ದೆ."