ಟೈಗರ್‌ನ ಮೊಸರನ್ನ

"ಎಷ್ಟು ಕೊಡೂಣ್ರೀ?" ಎಂದು ಗಂಗಾಬಾಯಿ ಗಂಡನ ಹತ್ತಿರ ಬಂದು ಮೆಲ್ಲಗೆ ಕೇಳಿದರು. ಗೇಟಿನ ಹೊರಗೆ ಹಿಂದಿನ ಓಣಿಯ ದೇವಿಕಾ ಬಂದು ನಿಂತಿದ್ದಳು. ಇವರಿಬ್ಬರೂ ಮಂತ್ರಾಲಯಕ್ಕೆ ಹೋಗಿ ಐದು ದಿನದ ಸೇವೆ ಮುಗಿಸಿ ಬರುವವರೆಗೆ ನಾಯಿಯನ್ನು ನೋಡಿಕೊಂಡವಳು ಅವಳೇ. ಎಷ್ಟು ಕೊಡುತ್ತೇವೆಂದು ಇವರು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. "ಬಂದ ಮ್ಯಾಲೆ ನೋಡೂಣಂತ" ಎಂದು ಬೀಗದ ಕೈ ಕೊಟ್ಟು ಬಸ್ಸು ಹತ್ತಿದ್ದರು.

ಗಂಡ ಪುರಂದರ, ಬ್ಯಾಂಕಿನ ಸಾಲದ ವಿಭಾಗದವರು. ಕೊಡುವ ಮೊದಲು ನೂರೆಂಟು ಯೋಚನೆ ಮಾಡುವುದು ಅವರ ಕಸುಬು. "ಪ್ರಸಾದದ ಜೋಡಿ ಐದುನೂರು ಇಟ್ಟು ಕೊಡು. ಸಣ್ಣ ಹುಡುಗಿ, ಭಾಳ ರೊಕ್ಕ ಕೈಯಾಗ ಕೊಡಬಾರ್ದು," ಎಂದರು.

"ಬಳ್ಳಾರಿಯೊಳಗ ನಾಯಿ ಬಿಟ್ಟು ಬರೂ ಜಾಗದಾಗ ದಿನಕ್ಕ ಆರುನೂರಂತ."

"ಅದು ಅಂಗಡಿ. ಇದು ಓಣಿ."

ಓಣಿಯವರಾದರೆ ರೇಟು ಇಳಿಯಬೇಕೆಂದು ಯಾರು ಕಾನೂನು ಮಾಡಿದರೋ! ಗೇಟಿನಾಚೆ ನಿಂತವಳ ಲೆಕ್ಕವೇ ಬೇರೆ ಇತ್ತು. ಪಿಯುಸಿ ಮೊದಲ ವರ್ಷದ ದೇವಿಕಾ ಎಂಟುನೂರು ಮೀಟರ್ ಓಡುವವಳು. ಭಾನುವಾರ ಜಿಲ್ಲಾ ತಂಡದ ಆಯ್ಕೆ. ಬಜಾರಿನ ಅಂಗಡಿಯವನು ಅವಳ ಅಳತೆಯ ಓಟದ ಬೂಟನ್ನು ಸಾವಿರಕ್ಕೆ ಒಪ್ಪಿ, ಇವತ್ತು ಸಂಜೆವರೆಗೆ ತೆಗೆದಿಡುತ್ತೇನೆ ಎಂದಿದ್ದ. ಅಪ್ಪ ಸಂಡೂರಿನ ಅದಿರು ಲಾರಿಯ ಡ್ರೈವರ್. ಅವನನ್ನು ಕೇಳಿ ಕೇಳಿ ಅವಳಿಗೇ ನಾಚಿಕೆಯಾಗಿತ್ತು. ಈ ಸಲ ತನ್ನ ದುಡಿಮೆಯಲ್ಲೇ ಕೊಳ್ಳಬೇಕೆಂದು ಹಟ ಹಿಡಿದಿದ್ದಳು.

ಗಂಗಾಬಾಯಿ ನಾಯಿಯ ಬಟ್ಟಲಿಗೆ ಮೊಸರನ್ನ ಹಾಕಿದರು. ನಾಯಿಗೆ ಟೈಗರ್ ಎಂದು ಹೆಸರು. ಹೆಸರಿಗೆ ಹುಲಿ, ಊಟದಲ್ಲಿ ಅಪ್ಪಟ ವೈಷ್ಣವ. ಮರಿಯಾಗಿದ್ದಾಗಿನಿಂದ ಮೊಸರನ್ನ, ಏಕಾದಶಿ ಬಂತೆಂದರೆ ಅದಕ್ಕೂ ಹಾಲು ಬಾಳೆಹಣ್ಣು. ಮೊಟ್ಟೆ ಎಂಬ ಶಬ್ದವನ್ನು ಕೂಡ ಆ ಮನೆಯಲ್ಲಿ ಯಾರೂ ಬಾಯಲ್ಲಿ ತರುತ್ತಿರಲಿಲ್ಲ. ಇವತ್ತು ಟೈಗರ್ ಬಟ್ಟಲನ್ನು ಮೂಸಿತು, ಮುಖ ತಿರುಗಿಸಿತು, ಅರ್ಧ ತೆರೆದಿದ್ದ ಗೇಟಿನಿಂದ ಹೊರಗೆ ಹೋಗಿ ಬೇವಿನ ಮರದ ಬುಡದಲ್ಲಿ ಕುಳಿತು ದೇವಿಕಾಳ ಕೈಯನ್ನೇ ನೋಡತೊಡಗಿತು.

"ಏನವ್ವಾ, ಏನ್ ಹಾಕಿದ್ದಿ ಇವಗ?" ಎಂದು ಪುರಂದರ ಗೇಟಿನ ತನಕ ಬಂದರು. ಅವರ ಕೈಯಲ್ಲಿ ಐನೂರರ ನೋಟಿತ್ತು.

ಮೊಸರನ್ನವೇ ಹಾಕಿದ್ದೆ ಎಂದು ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ದೇವಿಕಾಳಿಗೂ ಅದು ಗೊತ್ತಿತ್ತು.

"ಎರಡ್ ದಿನ ಏನೂ ಮುಟ್ಲಿಲ್ರಿ ಅಂಕಲ್. ಆಂಟಿ ಚಪ್ಪಲಿ ಮ್ಯಾಲೆ ಮುಖ ಇಟ್ಕಂಡು ಮಲಗಿಬಿಟ್ಟಿತ್ತು. ಫೋನ್ ಮಾಡಿದ್ರ ಹತ್ಲಿಲ್ಲ. ಸತ್ತು ಗಿತ್ತು ಹೋದ್ರ ಏನ್ ಮಾಡ್ಲಿ ಅಂತ ಭಾಳ ಹೆದ್ರಿಕಿ ಆತು. ಮೂರ್ನೇ ದಿನದಿಂದ ಕುದಿಸಿದ್ ಮೊಟ್ಟಿ ಹಾಕ್ದೆ." ಪುರಂದರರ ಮುಖ ನೋಡಿ ಅವಳು ಅವಸರವಾಗಿ ಸೇರಿಸಿದಳು, "ನಿಮ್ ಗೇಟಿನ ಒಳಗ ತಂದಿಲ್ರಿ. ಇಲ್ಲೇ ಗಿಡದ ಬುಡಕ್ಕ ಹಾಕಿ, ಬಾಯಿ ತೊಳಿಸಿ ಒಳಗ ಬಿಡ್ತಿದ್ದೆ."

"ಸೇವಾ ಮಾಡಿ ಬಂದವರಿಗೆ ಇದಾ ಏನವ್ವಾ ಫಲ? ನಂಬಿ ಬಿಟ್ಟು ಹೋಗಿದ್ವಿ," ಎಂದು ಪುರಂದರ ನೋಟನ್ನು ಮತ್ತೆ ಜೇಬಿಗಿಳಿಸಿದರು.

ಬೂಟು ಕೈತಪ್ಪಿತು ಎಂದು ದೇವಿಕಾಳಿಗೆ ಖಾತ್ರಿಯಾಯಿತು. ನೆಲ ನೋಡುತ್ತ ನಿಂತಳು. ಗಂಗಾಬಾಯಿಗೆ ಮೊಟ್ಟೆಯ ಮಾತು ಅರ್ಧವೇ ಕೇಳಿಸಿತ್ತು. ಎರಡು ದಿನ ಏನೂ ಮುಟ್ಟಲಿಲ್ಲ ಎಂಬುದರಲ್ಲೇ ಅವರ ಜೀವ ಸಿಕ್ಕಿಹಾಕಿಕೊಂಡಿತ್ತು. ಸೇವೆಗೆ ಕೂತಾಗ ಫೋನು ಆಫ್ ಮಾಡಿಟ್ಟವರು ಅವರೇ. ತಮ್ಮ ಚಪ್ಪಲಿಯ ಮೇಲೆ ಮುಖವಿಟ್ಟು ಮಲಗಿದ್ದ ಆ ಮೂಕಪ್ರಾಣಿಯನ್ನು ನೆನೆಯುತ್ತ ಗೇಟಿನ ಹತ್ತಿರ ಬಂದರು.

"ಅದನ್ನ ಎಲ್ಲಿಂದ ಕೊಂಡು ತಂದಿ?" ಎಂದು ಕೇಳಿದರು.

"ಕೊಂಡಿಲ್ರಿ ಆಂಟಿ. ಓಡೋರು ದಿನಾ ಒಂದ್ ತಿನ್ನಬೇಕು ಅಂತ ನಮ್ ಪಿಟಿ ಸರ್ ಹೇಳ್ಯಾರ. ಅವ್ವ ಮುಂಜಾನಿ ನನಗಂತ ಒಂದು ಕುದಿಸ್ತಾಳ. ಅದನ್ನಾ ತರ್ತಿದ್ದೆ."

"ಮತ್ತ ನೀನು?"

"ನಾನು ಹಂಗಾ ಓಡಿದೆ ರಿ."

ಗಂಗಾಬಾಯಿ ಒಳಗೆ ಹೋಗಿ ತಮ್ಮ ಪರ್ಸು ತಂದರು. "ಎಷ್ಟು ಕೊಡ್ಲಿ? ನೀನಾ ಹೇಳು."

"ದಿನಕ್ಕ ಇನ್ನೂರು ಅಂದ್ಕಂಡಿದ್ದೆ ರಿ. ಆದ್ರ ಈಗ ಅಂಕಲ್ಲು..."

"ಅಂಕಲ್ ಕೇಳಿಲ್ಲ. ನಾ ಕೇಳೀನಿ," ಎಂದು ಗಂಗಾಬಾಯಿ ಪ್ರಸಾದದ ಪೊಟ್ಟಣದ ಮೇಲೆ ಸಾವಿರ ರೂಪಾಯಿ ಇಟ್ಟು ಅವಳ ಕೈಗೆ ಕೊಟ್ಟರು. ಏನೋ ಹೇಳಹೊರಟ ಪುರಂದರ, ಹೆಂಡತಿಯ ಮುಖ ನೋಡಿ ಪೇಪರ್ ಹಿಡಿದು ಕಟ್ಟೆಯ ಮೇಲೆ ಕೂತರು.

ಬಟ್ಟಲಿನ ಮೊಸರನ್ನ ಹಾಗೇ ಇತ್ತು. ಟೈಗರ್ ಇನ್ನೂ ಬೇವಿನ ಮರದ ಬುಡ ಬಿಟ್ಟು ಎದ್ದಿರಲಿಲ್ಲ. ಗಂಗಾಬಾಯಿ ಒಮ್ಮೆ ಬಟ್ಟಲನ್ನು, ಒಮ್ಮೆ ನಾಯಿಯನ್ನು ನೋಡಿದರು.

"ನಾಳಿಂದ ನೀ ಓಡಾಕ ಹೋಗೂ ಮುಂದ ಇವನ್ನೂ ಕರ್ಕೊಂಡು ಹೋಗು. ತಿಂಗಳಾ ತಿಂಗಳಾ ಕೊಡ್ತೀನಿ."

ದೇವಿಕಾ ಹೂಂ ಎಂದವಳೇ ಬಜಾರಿನ ಕಡೆ ಓಟ ಕಿತ್ತಳು. ತಿರುವಿನ ತನಕ ಹೋಗಿದ್ದವಳನ್ನು ಗಂಗಾಬಾಯಿ ಕೂಗಿ ನಿಲ್ಲಿಸಿದರು. ಕಟ್ಟೆಯ ಮೇಲೆ ಪುರಂದರ ಪೇಪರನ್ನು ಇನ್ನೂ ಸ್ವಲ್ಪ ಮೇಲೆತ್ತಿ ಮುಖ ಮುಚ್ಚಿಕೊಂಡರು.

"ನಿಮ್ಮವ್ವಗ ಹೇಳು," ಎಂದರು ಗಂಗಾಬಾಯಿ, "ಇನ್ನ ಮ್ಯಾಲೆ ಎರಡು ಕುದಿಸಲಿ."