ಟೈಲ್ಸ್ ಸಂದಿಗೆ ಅಕ್ಕಿಹಿಟ್ಟು

ಒದ್ದೆ ಅಕ್ಕಿಹಿಟ್ಟಿನ ವಾಸನೆ ಬಂದರೆ ಈಗಲೂ ನನಗೆ ಆ ದಿನ ನೆನಪಾಗುತ್ತದೆ.

ಅವತ್ತು ಮಧ್ಯಾಹ್ನ ಅಪ್ಪನ ತಂಗಿ ಸರಳತ್ತೆಯನ್ನು ನೋಡಲು ತರೀಕೆರೆಯಿಂದ ಅಜ್ಜಂಪುರದ ನಮ್ಮ ಮನೆಗೆ ಗಂಡಿನ ಕಡೆಯವರು ಬರುವವರಿದ್ದರು. ಹಿಂದೆ ಬಂದ ಎರಡು ಮನೆಯವರೂ ಅತ್ತೆಯನ್ನು ಬೇಡವೆಂದಿದ್ದರು.

"ಗಂಡಿನ ತಾಯಿ ಅಡುಗೆಮನೆಗೆ ಬಂದೇ ಬತ್ತಾರೆ. ಕಟ್ಟೆ ಟೈಲ್ಸ್ ಸಂದಿಯೆಲ್ಲ ಕರ್ರಗಾಗಿದೆ, ಉಜ್ಜೇ," ಎಂದು ಅಜ್ಜಿ ನನ್ನ ಕೈಗೆ ಹಳೇ ಹಲ್ಲುಜ್ಜೋ ಬ್ರಷ್ ಕೊಟ್ಟಳು.

ಸೋಡಾಪುಡಿ ಹಾಕಿ ಬೆರಳು ಉರಿಯುವವರೆಗೆ ಉಜ್ಜಿದೆ. ವರ್ಷಗಟ್ಟಲೆ ಕೂತ ಎಣ್ಣೆಜಿಡ್ಡು ಬಿಡಲಿಲ್ಲ. ಬಸ್ಸು ಬರುವ ಹೊತ್ತಾಗಿತ್ತು. ಹೆದರಿ, ಅಕ್ಕಿಹಿಟ್ಟು ಕಲಸಿ, ರಂಗೋಲಿ ಎಳೆ ಬಿಡುವ ಹಾಗೆ ಸಂದಿಗಳಿಗೆಲ್ಲ ತುಂಬಿದೆ. ಕಟ್ಟೆ ಹೊಸದಾಗಿ ಕಂಡಿತು. "ಜಾಣೆ ಕಣೇ ನೀನು," ಎಂದಳು ಅಜ್ಜಿ.

ಅವರು ಬಂದು ಕೂತ ಮೇಲೆ ನೀರು ತರಲು ಒಳಗೆ ಹೋದೆ. ಬಿಳಿಯ ಗೆರೆಗಳೆಲ್ಲ ಮತ್ತೆ ಕಪ್ಪಾಗಿದ್ದವು. ಹತ್ತಿರ ಹೋದರೆ, ಕಟ್ಟೆ ತುಂಬ ಇರುವೆ.

ಗಡಿಬಿಡಿಯಲ್ಲಿ ಒರೆಸುವ ಬಟ್ಟೆ ತೆಗೆದುಕೊಂಡೆ. ಸರಳತ್ತೆ ಹಿಂದಿನಿಂದ ಬಂದು ನನ್ನ ಕೈ ಹಿಡಿದಳು. ಇರುವೆ ಸಾಲನ್ನು ಸ್ವಲ್ಪ ಹೊತ್ತು ನೋಡಿದಳು.

"ಒರೆಸ್ಬೇಡ ಬಿಡೇ, ಇದ್ದಂಗೇ ನೋಡ್ಲಿ," ಎಂದಳು ಮೆಲ್ಲಗೆ.

ಆಮೇಲೆ ಮುಡಿದ ಹೂವು ಸರಿಮಾಡಿಕೊಂಡು ಬಾಗಿಲಿಗೆ ಹೋಗಿ, ಗಂಡಿನ ತಾಯಿಯನ್ನು ತಾನೇ ಕರೆದಳು. "ಬನ್ನಿ, ನಮ್ಮ ಅಡುಗೆಮನೆ ನೋಡ್ಬನ್ನಿ."