ಸೂಜಿಯ ತುದಿ

ಫ್ರಾಕು ಹೊಲಿಯುವಾಗ ಮುರಿದ ಸೂಜಿಯ ತುಂಡುಗಳನ್ನು ಅಂಗೈಯಲ್ಲಿ ಜೋಡಿಸಿ ನೋಡಿದ ಸೂಪರ್‌ವೈಸರ್. ತುದಿಯೇ ಇಲ್ಲ! ಗಾರ್ಮೆಂಟ್ಸಿನ ಗೇಟಿನಲ್ಲಿ ಲಾರಿ ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿತ್ತು. "ಎಲ್ಲೋ ನೆಲಕ್ಕೆ ಬಿದ್ದಿರುತ್ತೆ, ಪ್ಯಾಕ್ ಮಾಡಿ," ಎಂದ, ಯಾರ ಮುಖವನ್ನೂ ನೋಡದೆ.

ಮೂಲೆಯಲ್ಲಿ ಕೂತು ಹೊಲಿಗೆಯ ನೂಲು ಕತ್ತರಿಸುವವಳು, ಎಲ್ಲರಿಗಿಂತ ಕಡಿಮೆ ಸಂಬಳದವಳು, ಎದ್ದು ಬಂದು ಫ್ರಾಕುಗಳ ರಾಶಿಗೆ ಅಡ್ಡ ನಿಂತಳು. "ಎಳೇ ಮಕ್ಕಳು ಹಾಕ್ಕೊಳ್ಳೋ ಬಟ್ಟೆ ಸಾರ್. ತುದಿ ಸಿಗೋ ತನಕ ಒಂದೂ ಆಚೆ ಹೋಗಲ್ಲ."

"ಊರ ಉಸಾಬರಿ ನಿಂಗ್ಯಾಕೆ? ಹೋಗಿ ನಿನ್ ಕೆಲಸ ನೋಡು!"

ಅವಳು ರಾಶಿಯ ಕಡೆ ತಿರುಗಿದಳು. ಒಂದು ಫ್ರಾಕು ಎತ್ತಿ, ಮಗುವಿನ ಕತ್ತಿಗೆ ತಾಗುವ ಅಂಚನ್ನು ತನ್ನ ಕೆನ್ನೆಗೆ ಒತ್ತಿ ಮೆಲ್ಲಗೆ ಸವರಿಕೊಂಡಳು. ಆಮೇಲೆ ಇನ್ನೊಂದು. ಪಕ್ಕದ ಮಿಷನ್ ನಿಂತಿತು, ಅದರ ಹಿಂದೆಯೇ ಸಾಲಿಗೆ ಸಾಲೇ ನಿಂತಿತು. ಮೂವತ್ತು ಹೆಂಗಸರು ಒಂದೊಂದು ಫ್ರಾಕನ್ನು ಕೆನ್ನೆಗೆ ಒತ್ತಿಕೊಂಡರು. ಸೂಪರ್‌ವೈಸರನೂ ಗೊಣಗುತ್ತಲೇ ಒಂದನ್ನು ಎತ್ತಿಕೊಂಡ.

ಅವನ ಕೆನ್ನೆ ಚುರ್ರೆಂದಿತು. ಕಾಲರಿನ ಲೇಸಿನೊಳಗೆ ತುದಿ ಅಡಗಿ ಕೂತಿತ್ತು.

"ಸಿಕ್ತಲ್ಲ, ಮಿಷನ್ ಶುರು ಮಾಡಿ," ಎಂದ. ಒಂದು ಮಿಷನ್ನೂ ಸದ್ದು ಮಾಡಲಿಲ್ಲ. ಎಲ್ಲರ ಕಣ್ಣೂ ನೂಲು ಕತ್ತರಿಸುವವಳ ಮೇಲಿತ್ತು. ಕೆನ್ನೆಯ ರಕ್ತ ಒರೆಸಿಕೊಳ್ಳುತ್ತ ಅವನೂ ಅತ್ತಲೇ ತಿರುಗಿ ಕೇಳಿದ:

"ಶುರು ಮಾಡೋಣ್ವಾ, ಅಕ್ಕಾ?"